ಕರೆಂಟ್ ಕೊಡುವವರ ಕೆಲಸ

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಅದರ ಬೆನ್ನಿಗೇ ನೀಟ್ ಅಂಕವೂ ಕೈಗೆ ಸಿಕ್ಕ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಮಲ್ಲಂದೂರಿನ ಸುತ್ತಮುತ್ತಲ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕವಿಲ್ಲ. ದುಡ್ಡು ಕೊಟ್ಟು ಸೇರಿಸೋಣವೆಂದರೆ, ಕಾಫಿಗೆ ಎಷ್ಟೇ ಒಳ್ಳೆಯ ಬೆಲೆ ಬಂದಿರಲಿ, ಮೂರ್ನಾಲ್ಕು ಎಕರೆ ತೋಟ ಅದಕ್ಕೆ ಸಾಲದು. ಎಸ್ಟೇಟಿನ ಕೂಲಿಕಾರರ ಲೈನ್‌ಮನೆಯ ಮಕ್ಕಳಿಗಂತೂ ಆ ಮಾತೇ ಇಲ್ಲ. ಹಾಗಾಗಿ ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಫಿಸಿಯೊಥೆರಪಿ, ಎಕ್ಸ್‌ರೇ ಎಂದು ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯಲ್ಲೆಲ್ಲೋ ಕೊನೆಗೆ ‘ಬಿ.ಎಸ್‌ಸಿ. ರೇಡಿಯೋಥೆರಪಿ ಟೆಕ್ನಾಲಜಿ’ ಎಂಬ ಸಾಲು ಇರುತ್ತದೆ. ಅದರ ಮೇಲೆ ಕಣ್ಣು ಬಿದ್ದ ಕೂಡಲೇ ಅಪ್ಪ ಅಮ್ಮ ಹಿಂಜರಿಯುತ್ತಾರೆ. ದಿನವಿಡೀ ಕ್ಯಾನ್ಸರ್ ರೋಗಿಗಳ ನಡುವೆ ಇರಬೇಕು, ಮೇಲಾಗಿ ವಿಕಿರಣ. ಓದುವವಳು ಮಗಳಾದರೆ ನಾಳೆ ಮದುವೆ, ಮಕ್ಕಳು ಎಂಬ ಆತಂಕವೂ ಸೇರಿಕೊಳ್ಳುತ್ತದೆ.

ಈ ಹಿಂಜರಿಕೆಯನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕೆ ಕಾರಣವಿಲ್ಲ ಎನ್ನಲಾರೆ. ಆದರೆ ಆ ಭಯ ತಪ್ಪು ಜಾಗದಲ್ಲಿ ನಿಂತಿದೆ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಈ ವೃತ್ತಿಯಲ್ಲಿ ಕಷ್ಟವಿದೆ, ಸಾಕಷ್ಟಿದೆ. ಅದು ಇರುವುದು ಯಂತ್ರದಿಂದ ಹೊರಡುವ ಕಿರಣದಲ್ಲಿ ಅಲ್ಲ. ಒಬ್ಬ ರೋಗಿಯನ್ನು ಆರೇಳು ವಾರ ದಿನವೂ ನೋಡಬೇಕಾದ ಕೆಲಸದ ಸ್ವರೂಪದಲ್ಲೇ ಇದೆ. ಇದರ ಸಾರ್ಥಕತೆ ಇರುವುದೂ ಅಲ್ಲೇ.

ನಮ್ಮ ಗುಡ್ಡಗಾಡಿನವರಿಗೆ ವಿಕಿರಣ ಚಿಕಿತ್ಸೆ ಎಂದರೆ ಮೊದಲು ದಾರಿಯ ಪ್ರಶ್ನೆ. ಮಲ್ಲಂದೂರಿನವರು ಚಿಕ್ಕಮಗಳೂರಿಗೆ ಇಳಿದು ಬೆಂಗಳೂರಿನ ಬಸ್ಸು ಹಿಡಿಯುತ್ತಾರೆ. ಮೂಡಿಗೆರೆಯವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಕಳಸದವರಿಗೆ ಕುದುರೆಮುಖ, ಕಾರ್ಕಳದ ಮೇಲೆ ಹಾದು ಮಣಿಪಾಲ ಹತ್ತಿರ. ‘ಇಪ್ಪತ್ತೈದು ಕರೆಂಟ್ ಕೊಡ್ಬೇಕಂತೆ’, ‘ಮೂವತ್ತು ಹೇಳಿದಾರೆ’ ಎಂದು ಊರಿನಲ್ಲಿ ಮಾತಾಡಿಕೊಳ್ಳುವುದು ಈ ಚಿಕಿತ್ಸೆಯ ಬಗ್ಗೆಯೇ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ದವಡೆಯಲ್ಲಿಟ್ಟುಕೊಂಡೇ ಕಾಫಿ ಕೊಯ್ಲಿಗೆ ಹೋಗುವ ಅಭ್ಯಾಸ ತೋಟಗಳಲ್ಲಿ ಇನ್ನೂ ಇದೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ತನ್ನ ವರದಿಯಲ್ಲಿ ಹೇಳಿತು. ಅಡಿಕೆ ಬೆಳೆಯುವ ನಮಗೆ ಅದು ಕೇಳಲು ಕಹಿ. ಬಾಯಿ, ಗಂಟಲು, ಗರ್ಭಕೊರಳು, ಸ್ತನ ಇವುಗಳ ಕ್ಯಾನ್ಸರ್‌ಗಳಲ್ಲಿ ವಿಕಿರಣಕ್ಕೆ ದೊಡ್ಡ ಪಾತ್ರವಿದೆ. ಒಟ್ಟಾರೆ ನೋಡಿದರೆ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಚಿಕಿತ್ಸೆಯ ಯಾವುದಾದರೊಂದು ಹಂತದಲ್ಲಿ ಅದು ಬೇಕಾಗುತ್ತದೆ.

ಈ ಕರೆಂಟ್ ಕೊಡುವವರು ಯಾರು? ರೋಗಿಯ ಮನೆಯವರ ನೆನಪಿನಲ್ಲಿ ಉಳಿಯುವುದು ಡಾಕ್ಟರ ಹೆಸರು. ಅವರು ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಎಂ.ಡಿ. ಮಾಡಿದ ವಿಕಿರಣ ಕ್ಯಾನ್ಸರ್ ತಜ್ಞರು. ಎಲ್ಲಿಗೆ, ಎಷ್ಟು ಎಂದು ನಿರ್ಧರಿಸುವವರು. ಅವರ ಹಿಂದೆ ವೈದ್ಯಕೀಯ ಭೌತವಿಜ್ಞಾನಿ ಇರುತ್ತಾರೆ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾದಂಥ ಓದು ಮಾಡಿ ಬಂದವರು. ಗಂಟಲಿನ ಗೆಡ್ಡೆಗೆ ಪೂರ್ತಿ ಡೋಸ್ ಬಿದ್ದು, ಪಕ್ಕದ ಬೆನ್ನುಹುರಿಗೂ ಜೊಲ್ಲುಗ್ರಂಥಿಗೂ ಎಷ್ಟು ಕಡಿಮೆ ಬೀಳುವಂತೆ ಮಾಡಬಹುದು ಎಂಬ ಲೆಕ್ಕ ಅವರದು. ಮೂರನೆಯವರು ಟೆಕ್ನಾಲಜಿಸ್ಟ್. ರೋಗಿಯನ್ನು ಪ್ರತಿದಿನ ಮೇಜಿನ ಮೇಲೆ ಮಲಗಿಸಿ, ಸರಿಹೊಂದಿಸಿ, ಯಂತ್ರ ಚಾಲೂ ಮಾಡುವವರು ಇವರೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇದಕ್ಕೆ ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲೂ ಈ ಕೋರ್ಸ್ ಇದೆ. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಆ ಸಂಸ್ಥೆಯ ಯಂತ್ರಗಳ ಮುಂದೆ ಬಂದು ಮಲಗುವ ರೋಗಿಗಳ ಸಂಖ್ಯೆಯೇ ವಿದ್ಯಾರ್ಥಿಗೆ ದೊಡ್ಡ ಪಾಠ. ನಾನು ಇಲ್ಲಿ ಹೆಚ್ಚಾಗಿ ಹೇಳಹೊರಟಿರುವುದು ಈ ಮೂರನೆಯವರ ಬಗ್ಗೆ. ನಮ್ಮ ಊರಿನ ಮಕ್ಕಳ ಕೈಗೆ ಎಟಕುವ ಬಾಗಿಲು ಅದೇ.

ಕೆಲಸ ಹೀಗೆ ನಡೆಯುತ್ತದೆ. ಬಾಯಿ ಕ್ಯಾನ್ಸರ್ ರೋಗಿಯೆಂದು ಇಟ್ಟುಕೊಳ್ಳಿ. ಮೊದಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗಿ ಆ ಮುಖದ ಅಚ್ಚೇ ಆಗುತ್ತದೆ. ಇನ್ನು ಮುಂದೆ ಪ್ರತಿದಿನ ಆ ಮುಖವಾಡವನ್ನು ಮೇಜಿಗೆ ಬಿಗಿದು ತಲೆ ಅಲುಗದಂತೆ ಹಿಡಿಯಬೇಕು. ಅದೇ ಸ್ಥಿತಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಅದರ ಮೇಲೆ ಡಾಕ್ಟರು ಗೆರೆ ಎಳೆದು, ಭೌತವಿಜ್ಞಾನಿ ಯೋಜನೆ ಹೆಣೆದು, ಪರೀಕ್ಷಿಸಿ ಕಳಿಸುವಷ್ಟರಲ್ಲಿ ಕೆಲವು ದಿನ ಹಿಡಿಯುತ್ತದೆ. ಆಮೇಲೆ ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಲ, 2 ಗ್ರೇ (ವಿಕಿರಣದ ಡೋಸಿನ ಅಳತೆ) ಲೆಕ್ಕದಲ್ಲಿ 30ರಿಂದ 35 ಸಲ. ಲೇಸರ್ ಗೆರೆಗಳು ಮುಖವಾಡದ ಗುರುತಿನ ಮೇಲೆ ಬಿದ್ದಿವೆಯೇ, ಇವತ್ತಿನ ಚಿತ್ರ ಮೊದಲ ದಿನದ ಚಿತ್ರದ ಜೊತೆ ಹೊಂದುತ್ತದೆಯೇ ಎಂದು ಮಿಲಿಮೀಟರ್ ಲೆಕ್ಕದಲ್ಲಿ ನೋಡಿ, ಎಲ್ಲರೂ ಹೊರಬಂದು, ಬಾಗಿಲು ಹಾಕಿ, ಕ್ಯಾಮೆರಾದಲ್ಲಿ ರೋಗಿಯನ್ನು ನೋಡುತ್ತಾ ಗುಂಡಿ ಒತ್ತುತ್ತಾರೆ. ಒಳಗೆ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಎಲೆಕ್ಟ್ರಾನುಗಳನ್ನು ಮೈಕ್ರೋವೇವ್ ಬಲದಿಂದ ಓಡಿಸಿ ಟಂಗ್‌ಸ್ಟನ್ ಲೋಹಕ್ಕೆ ಬಡಿಯುತ್ತದೆ. ಆ ಬಡಿತದಿಂದ ಹುಟ್ಟುವ ಪ್ರಬಲ ಎಕ್ಸ್ ಕಿರಣ ಗೆಡ್ಡೆಯತ್ತ ಹೋಗುತ್ತದೆ. ರೋಗಿಗೆ ಬಿಸಿಯೂ ತಾಗುವುದಿಲ್ಲ, ನೋವೂ ಇಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಅವರು ಎದ್ದು ಹೋಗುತ್ತಾರೆ, ಮುಂದಿನವರು ಬರುತ್ತಾರೆ.

ಒಂದೇ ಸಲ ಕೊಟ್ಟು ಮುಗಿಸಬಾರದೇ ಎಂದು ದೂರದಿಂದ ಬಂದ ಎಲ್ಲರೂ ಕೇಳುತ್ತಾರೆ. ಕಾಫಿ ಬೆಳೆಯುವವರಿಗೆ ಇದನ್ನು ತಿಳಿಸುವುದು ಸುಲಭ: ಹೂಮಳೆಯೂ ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆಯೂ ಹೊತ್ತಿಗೆ ಸರಿಯಾಗಿ, ಅಳತೆಗೆ ತಕ್ಕಂತೆ ಬಿದ್ದರೆ ಫಸಲು, ವರ್ಷದ ಮಳೆಯೆಲ್ಲ ಒಂದೇ ದಿನ ಸುರಿದರೆ ಗುಡ್ಡವೇ ಜರಿಯುತ್ತದೆ. ಇಲ್ಲೂ ಹಾಗೆಯೇ. ಕಿರಣ ಬಿದ್ದಾಗ ಆರೋಗ್ಯವಂತ ಜೀವಕೋಶಕ್ಕೂ ಏಟು ಬೀಳುತ್ತದೆ, ಆದರೆ ಅದು ಮರುದಿನದೊಳಗೆ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ಶಕ್ತಿ ಕಡಿಮೆ. ಈ ಅಂತರವನ್ನು ಮೂವತ್ತು ಸಲ ಕೂಡಿಸುತ್ತಾ ಹೋಗುವುದೇ ಚಿಕಿತ್ಸೆ. ನಡುವೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆದುಕೊಳ್ಳುತ್ತವೆ. ತಲೆ, ಕುತ್ತಿಗೆ ಭಾಗದ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಮುಂದೆ ಹೋದರೆ ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಕುಗ್ಗುತ್ತದೆ ಎಂಬುದು ಈ ಕ್ಷೇತ್ರದವರೆಲ್ಲ ಒಪ್ಪಿದ ಅಂದಾಜು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ಸಂಚಾರ ನಿಂತದ್ದು ನೆನಪಿದೆಯಲ್ಲ? ವಾರದ ಕೊನೆಗೆ ಮನೆಗೆಂದು ಘಟ್ಟ ಹತ್ತಿದ ರೋಗಿಗೆ ಅಂಥ ಮಳೆ ಏನು ಮಾಡಬಲ್ಲದು ಎಂಬುದನ್ನು ಈ ಶೇ 1ರ ಲೆಕ್ಕದಲ್ಲಿ ನೋಡಬೇಕು.

ಈಗ ಆ ಭಯದ ವಿಷಯಕ್ಕೆ ಬರುತ್ತೇನೆ. ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ. ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್ ಕಿರಣ ಕಂಡುಹಿಡಿದ ಮೇಲಿನ ಮೊದಲ ದಶಕಗಳಲ್ಲಿ ಅದನ್ನು ಬಳಸಿದವರು ಬೆರಳು, ಕೈ, ಜೀವ ಕಳೆದುಕೊಂಡರು. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಹಾಗೆ ಸತ್ತವರಲ್ಲಿ ಮೊದಲಿಗರ ಸಾಲಿನವರು. ಜರ್ಮನಿಯ ಹ್ಯಾಂಬರ್ಗಿನ ಸಂತ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕದ ಮೇಲೆ ಇಂಥ 169 ಜನರ ಹೆಸರು ಕೆತ್ತಲಾಯಿತು, ಆಮೇಲೆ ಪಟ್ಟಿ ಬೆಳೆಯಿತು. ಇಂದಿನ ಕಟ್ಟುನಿಟ್ಟುಗಳು ಆ ಹೆಸರುಗಳ ಮೇಲೆ ನಿಂತಿವೆ. ನಮ್ಮಲ್ಲಿ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ, ರೇಡಿಯಾಲಜಿಕಲ್ ಸುರಕ್ಷತಾ ಅಧಿಕಾರಿ ಇಲ್ಲದೆ ಯಾವ ವಿಕಿರಣ ಚಿಕಿತ್ಸಾ ವಿಭಾಗವೂ ನಡೆಯುವಂತಿಲ್ಲ. ಯಂತ್ರದ ಕೋಣೆಯ ಗೋಡೆ, ಕಿರಣ ನೇರ ಬೀಳುವ ಕಡೆ, ಎರಡು ಮೀಟರಿಗೂ ದಪ್ಪದ ಕಾಂಕ್ರೀಟು. ಬಾಗಿಲು ಸ್ವಲ್ಪ ತೆರೆದರೂ ಕಿರಣ ತಾನಾಗಿ ನಿಲ್ಲುತ್ತದೆ. ಲೀನಿಯರ್ ಆಕ್ಸಿಲರೇಟರ್ ವಿದ್ಯುತ್ತಿನ ಯಂತ್ರ; ಆರಿಸಿದರೆ ಕಿರಣವಿಲ್ಲ.

ಕೆಲಸಗಾರರು ಎದೆಯ ಮೇಲೆ ಟಿ.ಎಲ್.ಡಿ. ಎಂಬ ಸಣ್ಣ ಬ್ಯಾಡ್ಜ್ ಧರಿಸುತ್ತಾರೆ. ಡಿಸ್‌ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಬಿಲ್ಲೆಗಳು ತಮ್ಮ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅದಕ್ಕೆ ತಕ್ಕಷ್ಟು ಬೆಳಕಾಗಿ ಹೊರಹಾಕುತ್ತವೆ. ಮೂರು ತಿಂಗಳಿಗೊಮ್ಮೆ ಲೆಕ್ಕ ಬರುತ್ತದೆ. ಕಾನೂನಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ನಿಯಮ ಪಾಲಿಸುವ ವಿಭಾಗದಲ್ಲಿ ಬಹುತೇಕರ ಬ್ಯಾಡ್ಜು ಇಡೀ ವರ್ಷಕ್ಕೆ 1 ಮಿಲಿಸೀವರ್ಟನ್ನೂ ತೋರಿಸುವುದಿಲ್ಲ. ಹೋಲಿಸಿ ನೋಡಲು, ಮಣ್ಣು, ಬಂಡೆ, ಆಕಾಶದಿಂದ ಜಗತ್ತಿನ ಪ್ರತಿಯೊಬ್ಬ ಮನುಷ್ಯನಿಗೂ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತಲೇ ಇರುತ್ತದೆ. ಮಂಗಳೂರಿನ ಪಕ್ಕದ ಉಳ್ಳಾಲದ ಕಡಲತೀರದಲ್ಲಿ, ಮೋನಜೈಟ್ ಮರಳಿನಿಂದಾಗಿ, ಹಿನ್ನೆಲೆ ವಿಕಿರಣ ಮಾಮೂಲಿಗಿಂತ ಹೆಚ್ಚೇ ಇದೆ. ಗರ್ಭಿಣಿಯಾದ ಕೆಲಸಗಾರ್ತಿ ತಿಳಿಸಿದ ಕೂಡಲೇ ಹೊಟ್ಟೆಯ ಮಗುವಿಗೆ ಉಳಿದ ಅವಧಿಯಲ್ಲಿ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹೊಂದಿಸಬೇಕು. ಅದು ಆಸ್ಪತ್ರೆಯ ದಯೆಯ ಮಾತಲ್ಲ, ನಿಯಮ. ಮಗಳನ್ನು ಕಳಿಸಲು ಹಿಂಜರಿಯುವ ತಾಯಂದಿರಿಗೆ ಮೊದಲು ಹೇಳಬೇಕಾದದ್ದು ಇದನ್ನೇ.

ಎಚ್ಚರ ಮಾತ್ರ ಒಂದು ದಿನವೂ ಸಡಿಲವಾಗುವಂತಿಲ್ಲ. ಕೋಬಾಲ್ಟ್-60 ಯಂತ್ರಗಳಲ್ಲಿ ಮೂಲವಸ್ತು ಸದಾ ಕಿರಣ ಸೂಸುತ್ತಲೇ ಇರುತ್ತದೆ, 5.27 ವರ್ಷಕ್ಕೆ ಅರ್ಧವಾಗುತ್ತದೆ ಅಷ್ಟೆ. ಅದು ತನ್ನ ಕವಚದೊಳಕ್ಕೆ ಮರಳದೆ ಸಿಕ್ಕಿಕೊಂಡರೆ ಟೆಕ್ನಾಲಜಿಸ್ಟ್ ಒಳಗೆ ಓಡಿ ರೋಗಿಯನ್ನು ಹೊರತರಬೇಕು. ಆ ಕೆಲವು ಸೆಕೆಂಡುಗಳ ಅಣಕು ತರಬೇತಿ ಎಲ್ಲರಿಗೂ ಆಗಿರಬೇಕು. ಬಳಸಿ ಬಿಟ್ಟ ಮೂಲವಸ್ತು ಏನು ಮಾಡಬಲ್ಲದೆಂದು 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳು ತೋರಿಸಿದವು: ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಪ್ರಯೋಗ ಯಂತ್ರದೊಳಗಿನ ಕೋಬಾಲ್ಟ್ ಒಬ್ಬನ ಜೀವ ತೆಗೆಯಿತು. ರೋಗಿಯ ಕಡೆಯಿಂದ ನೋಡಿದರೆ 1985ರಿಂದ 1987ರವರೆಗೆ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ಯಂತ್ರ ಸಾಫ್ಟ್‌ವೇರ್ ದೋಷದಿಂದ ಆರು ಜನರಿಗೆ ಮಿತಿಮೀರಿದ ಡೋಸ್ ಕೊಟ್ಟದ್ದು ಇಂದಿಗೂ ಪಾಠ. ಸುಟ್ಟಂತೆ ಆಯಿತು ಎಂದು ರೋಗಿಗಳು ಹೇಳಿದರು. ಯಂತ್ರ ತಪ್ಪಲು ಸಾಧ್ಯವೇ ಇಲ್ಲ ಎಂದು ಉತ್ತರ ಬಂತು. ಗುಂಡಿ ಒತ್ತುವವರು ರೋಗಿಯ ಮಾತನ್ನು ಯಂತ್ರದ ಮಾತಿಗಿಂತ ಮೊದಲು ಕೇಳಬೇಕು ಎಂಬುದನ್ನು ಈ ವೃತ್ತಿ ಕಲಿತದ್ದು ಅಷ್ಟು ಬೆಲೆ ತೆತ್ತು.

ಹಾಗಾದರೆ ನಿಜವಾದ ಕಷ್ಟ ಯಾವುದು?

ಮೊದಲನೆಯದು ಮನಸ್ಸಿನದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿರುವವರು ರೋಗಿಯನ್ನು ಒಮ್ಮೆ ನೋಡುತ್ತಾರೆ, ಸಿ.ಟಿ. ತೆಗೆಯುವವರು ಹತ್ತು ನಿಮಿಷ ನೋಡುತ್ತಾರೆ. ಇವರು ಆರೇಳು ವಾರ ದಿನಾ ನೋಡುತ್ತಾರೆ. ಮೊದಲ ದಿನ ನಡೆದುಕೊಂಡು ಬಂದು, ಮಳೆ ಹಿಡಿಯಿತಾ, ನಮ್ಮ ಕಡೆ ಈ ಸಲ ಮೆಣಸು ಹೇಗೆ ಎಂದೆಲ್ಲ ಮಾತಾಡಿದ ಮನುಷ್ಯ ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಸನ್ನೆಯಲ್ಲಿ ಉತ್ತರಿಸುತ್ತಾನೆ. ಕಡುಬು, ಅಕ್ಕಿರೊಟ್ಟಿ ತಿನ್ನುತ್ತಿದ್ದವನು ಗಂಜಿಗೆ ಬರುತ್ತಾನೆ, ಕೆಲವೊಮ್ಮೆ ಮೂಗಿನ ನಳಿಕೆಗೆ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ಈ ಸಂಕಟ ತಾನು ಒತ್ತುವ ಗುಂಡಿಯಿಂದ ಬರುತ್ತಿದೆ ಎಂದು ಗೊತ್ತಿದ್ದೂ, ಇನ್ನೂ ಹದಿನೈದು ಸಲ ಅದನ್ನು ಒತ್ತಲೇಬೇಕು ಎಂದೂ ಗೊತ್ತಿರಬೇಕು. ನಡುವೆ ಬಿಟ್ಟು ಹೋಗುತ್ತೇನೆ ಎನ್ನುವವನನ್ನು ಉಳಿಸಿಕೊಳ್ಳಬೇಕು. ಇಪ್ಪತ್ತೆರಡರ ವಯಸ್ಸಿನ ಹುಡುಗ ಹುಡುಗಿಯರಿಗೆ ಇದನ್ನು ಯಾವ ಪಠ್ಯಪುಸ್ತಕವೂ ಪೂರ್ತಿ ಕಲಿಸುವುದಿಲ್ಲ. ಮಕ್ಕಳೇ ರೋಗಿಗಳಾಗಿ ಬಂದಾಗ, ಅಲುಗಾಡದಿರಲೆಂದು ಪ್ರತಿದಿನ ಅರಿವಳಿಕೆ ಕೊಟ್ಟು ಮಲಗಿಸುವ ಪುಟ್ಟ ದೇಹವನ್ನು ಎತ್ತಿ ಇಡುವಾಗ, ಹಳಬರ ಕೈಯೂ ತಡವರಿಸುತ್ತದೆ ಎಂದು ಕೇಳಿದ್ದೇನೆ.

ಇದಕ್ಕಿಂತ ಹೆಚ್ಚು ಕಾಡುವ ಸಂಗತಿ ಇನ್ನೊಂದು. ಚಿಕಿತ್ಸೆ ಮುಗಿದ ರೋಗಿ ಮುಂದೆ ಡಾಕ್ಟರ ಹೊರರೋಗಿ ವಿಭಾಗಕ್ಕೆ ಬರುತ್ತಾನೆಯೇ ಹೊರತು ಯಂತ್ರದ ಕೋಣೆಗಲ್ಲ. ಮೂವತ್ತೈದು ದಿನ ಜೊತೆಗಿದ್ದವನು ಗುಣವಾದನೇ, ಉಳಿದನೇ ಎಂದು ಅನೇಕ ಸಲ ಟೆಕ್ನಾಲಜಿಸ್ಟ್‌ಗೆ ತಿಳಿಯುವುದೇ ಇಲ್ಲ. ಆಸ್ಪತ್ರೆಗಳು ಮನಸ್ಸು ಮಾಡಿದರೆ ಇದನ್ನು ಸರಿಪಡಿಸಬಹುದು, ಖರ್ಚೂ ಇಲ್ಲ. ತಿಂಗಳಿಗೊಮ್ಮೆ ಕೂತು, ಮುಗಿಸಿ ಹೋದವರ ಸ್ಥಿತಿಯನ್ನು ಇಡೀ ತಂಡಕ್ಕೆ ತಿಳಿಸಿದರಾಯಿತು.

ಮೈಯ ಕಷ್ಟವೂ ಇದೆ. ನಡೆಯಲಾಗದ ರೋಗಿಗಳನ್ನು ದಿನಕ್ಕೆ ಎಷ್ಟೋ ಸಲ ಗಾಲಿಮಂಚದಿಂದ ಮೇಜಿಗೆ, ಮೇಜಿನಿಂದ ಗಾಲಿಮಂಚಕ್ಕೆ ಎತ್ತಿ ಸೊಂಟ ನೋವು ಬರಿಸಿಕೊಂಡವರು ಈ ವೃತ್ತಿಯಲ್ಲಿ ಬಹಳ. ಯಂತ್ರ ಕೆಟ್ಟರೆ, ಅದು ಸರಿಯಾದ ಮೇಲೆ ಅಂದಿನ ರೋಗಿಗಳೆಲ್ಲರ ಚಿಕಿತ್ಸೆಯನ್ನು ರಾತ್ರಿಯವರೆಗೆ ನಿಂತು ಮುಗಿಸಬೇಕು, ಏಕೆಂದರೆ ದಿನ ತಪ್ಪಿಸುವಂತಿಲ್ಲ. ಅದೇ ಕಾರಣಕ್ಕೆ ರಜೆಯೂ ಕಷ್ಟ. ಡಿಸೆಂಬರ್, ಜನವರಿಯ ಕಾಫಿ ಕೊಯ್ಲಿಗೆ ಮನೆಗೆ ಬಂದು ಹೋಗುತ್ತೇನೆ ಎಂಬ ಮಾತು ಇಲ್ಲಿ ನಡೆಯದು. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಹೊಣೆಯ ಭಾರಕ್ಕೆ ತಕ್ಕಂತಿಲ್ಲ. ಸರ್ಕಾರಿ ಹುದ್ದೆ ಅಪರೂಪ. ಬಡ್ತಿಯ ಏಣಿಗೆ ಮೆಟ್ಟಿಲು ಕಡಿಮೆ: ಹಿರಿಯ ಟೆಕ್ನಾಲಜಿಸ್ಟ್, ಮುಖ್ಯಸ್ಥ, ಅಲ್ಲಿಗೆ ಮುಗಿಯಿತು. ಮುಂದೆ ಬೋಧನೆಗೆ, ಚಿಕಿತ್ಸಾ ಯೋಜನೆಯ ಕೆಲಸಕ್ಕೆ, ಯಂತ್ರ ತಯಾರಿಸುವ ಕಂಪನಿಗಳಿಗೆ, ಇಲ್ಲವೇ ಇಂಗ್ಲೆಂಡ್, ಗಲ್ಫ್ ಕಡೆಗೆ ಹೋಗುವವರಿದ್ದಾರೆ. ಬಹುಕಾಲ ಈ ವೃತ್ತಿಗೆ ರಾಷ್ಟ್ರಮಟ್ಟದ ನೋಂದಣಿಯೇ ಇರಲಿಲ್ಲ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಮೊದಲ ಸಲ ಇವರನ್ನು ಹೆಸರಿಟ್ಟು ಗುರುತಿಸಿತು.

ನಮ್ಮ ಮಕ್ಕಳಿಗೆ ಮತ್ತೊಂದು ನಷ್ಟವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೋಟಿಗಟ್ಟಲೆ ಬೆಲೆಯ ಈ ಯಂತ್ರಗಳು ಇರುವುದು ದೊಡ್ಡ ಊರುಗಳಲ್ಲಿ. ನರ್ಸ್ ಆದವಳು ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಂಡು ಬರಬಹುದು. ರೇಡಿಯೋಥೆರಪಿ ಕಲಿತವಳಿಗೆ ಮಲ್ಲಂದೂರಿನಲ್ಲಿ ಕೆಲಸ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿಯೂ, ಮಗನೋ ಮಗಳೋ ಆಸಕ್ತಿ ತೋರಿಸಿದರೆ ಕಳಿಸಿ ಎಂದೇ ನಾನು ಹೇಳುತ್ತೇನೆ. ಕ್ಯಾನ್ಸರ್ ಎಂದರೆ ಸಾವು ಎಂದುಕೊಂಡವರು ಈ ಕೋಣೆಗಳಲ್ಲಿ ಬೇರೆಯದನ್ನು ಕಾಣುತ್ತಾರೆ. ಧ್ವನಿಪೆಟ್ಟಿಗೆಯ ಕ್ಯಾನ್ಸರನ್ನು ಬೇಗ ಕಂಡುಹಿಡಿದರೆ ಕತ್ತಿ ತಾಗಿಸದೆ, ದನಿ ಉಳಿಸಿಯೇ ಕಿರಣದಿಂದ ಗುಣಪಡಿಸಬಹುದು. ಗರ್ಭಕೊರಳಿನ ಕ್ಯಾನ್ಸರಿಗೆ ಹೊರಗಿನ ಕಿರಣದ ಜೊತೆ ಇರಿಡಿಯಂ-192ನ್ನು ಒಳಗಿಟ್ಟು ಕೊಡುವ ಬ್ರಾಕಿಥೆರಪಿ, ಗೆಡ್ಡೆ ಸಾಕಷ್ಟು ಮುಂದುವರಿದ ಹೆಂಗಸರನ್ನೂ ಮಕ್ಕಳ ಬಳಿಗೆ ಮರಳಿಸಿದೆ. ಗುಣವಾಗದವರಿಗೂ ಇಲ್ಲಿ ಕೊಡುವುದಕ್ಕಿದೆ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ 8 ಗ್ರೇಯ ಒಂದೇ ಒಂದು ಡೋಸ್ ಹಲವು ದಿನದ ಚಿಕಿತ್ಸೆಯಷ್ಟೇ ನೋವು ಇಳಿಸುತ್ತದೆಂದು ಪರೀಕ್ಷೆಗಳು ಸಾಬೀತು ಮಾಡಿವೆ. ಸ್ತನ ಕ್ಯಾನ್ಸರಿನಲ್ಲಿ ಐದು ವಾರದ ಚಿಕಿತ್ಸೆ ಈಗ ಅನೇಕರಿಗೆ ಮೂರು ವಾರಕ್ಕೆ, 15 ಸಲಕ್ಕೆ, ಇಳಿದಿದೆ. ದಿನಗೂಲಿ ಬಿಟ್ಟು ಬಂದು ಧರ್ಮಶಾಲೆಯಲ್ಲಿ ಉಳಿಯುವ ತೋಟದ ಹೆಂಗಸಿಗೆ ಆ ಎರಡು ವಾರದ ಬೆಲೆ ಏನೆಂದು ಕೊಯ್ಲಿನ ಕಾಲದ ಕೂಲಿ ಗೊತ್ತಿರುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈ ವೃತ್ತಿಗೆ ನಮ್ಮ ಕಡೆಯ ಮಕ್ಕಳು ಬೇಕು ಎನ್ನುವುದಕ್ಕೆ ನನ್ನಲ್ಲಿ ಇನ್ನೊಂದು ಕಾರಣವಿದೆ. ಎಸ್ಟೇಟಿನ ಲೈನುಗಳಲ್ಲಿ ಬೆಳೆದವರ ಕಿವಿಗೆ ಕನ್ನಡ, ತುಳು, ಕೊಂಕಣಿ, ತಮಿಳು, ಬ್ಯಾರಿ ಎಲ್ಲವೂ ಬಿದ್ದಿರುತ್ತದೆ. ಮನೆಯ ಹಿರಿಯರೊಬ್ಬರ ಜೊತೆ ಕಾಯುವ ಕೋಣೆಯಲ್ಲಿ ಕೂತ ದಿನಗಳಲ್ಲಿ ನಾನು ಕಂಡದ್ದು ಇದು: ಅಲುಗಾಡಬೇಡಿ ಎಂಬ ಒಂದು ಮಾತನ್ನು ರೋಗಿಯ ಭಾಷೆಯಲ್ಲಿ ಹೇಳುವವರು ಸಿಕ್ಕರೆ ಮುಖವಾಡದ ಕೆಳಗಿನ ಉಸಿರಾಟವೇ ಬದಲಾಗುತ್ತದೆ. ಗಂಜಿಯೂ ಇಳಿಯುತ್ತಿಲ್ಲ ಎಂಬುದನ್ನು ಡಾಕ್ಟರಿಗೆ ಹೇಳಲು ಸಂಕೋಚಪಡುವವರು ಮೇಜಿನ ಪಕ್ಕದ ಹುಡುಗಿಗೆ ಹೇಳುತ್ತಾರೆ. ತೂಕ ಇಳಿದು ಮುಖವಾಡ ಸಡಿಲವಾದದ್ದನ್ನು, ಯೋಜನೆಯನ್ನೇ ಮತ್ತೆ ಮಾಡಬೇಕಾದೀತು ಎಂಬುದನ್ನು ಮೊದಲು ಗುರುತಿಸುವವಳೂ ಅವಳೇ.

ದೇಶದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು ಎಂಬುದು 2022ರ ಅಂತರರಾಷ್ಟ್ರೀಯ ಅಂದಾಜು. ಯಂತ್ರಗಳು ಅದಕ್ಕೆ ತಕ್ಕಷ್ಟಿಲ್ಲ, ಹೊಸವು ಬರುತ್ತಿವೆ. ಹೊಸ ಯಂತ್ರದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಅದನ್ನು ಎರಡು ಪಾಳಿ ನಡೆಸಲು ಎಷ್ಟು ಟೆಕ್ನಾಲಜಿಸ್ಟ್ ಹುದ್ದೆ ಮಂಜೂರಾಗಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪತ್ರಕರ್ತರೂ ಶಾಸಕರೂ ಕೇಳಬೇಕಾದ ಪ್ರಶ್ನೆ ಅದು.

ಸೇರುವ ಮೊದಲು ವಿದ್ಯಾರ್ಥಿಯೂ ಕೆಲವನ್ನು ಕೇಳಿಕೊಳ್ಳಬೇಕು. ಕಾಲೇಜಿನ ಜೊತೆಗಿರುವ ಆಸ್ಪತ್ರೆಯಲ್ಲಿ ನಿಜಕ್ಕೂ ಓಡುತ್ತಿರುವ ಯಂತ್ರಗಳು ಎಷ್ಟು, ಬ್ರಾಕಿಥೆರಪಿ ಇದೆಯೇ, ಇಂಟರ್ನ್‌ಶಿಪ್‌ನಲ್ಲಿ ಯೋಜನೆಯ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆಯೇ ಅಥವಾ ಗಾಲಿಮಂಚ ತಳ್ಳಿಸುತ್ತಾರೆಯೇ, ವಿದ್ಯಾರ್ಥಿಗಳಿಗೂ ಟಿ.ಎಲ್.ಡಿ. ಬ್ಯಾಡ್ಜ್ ಕೊಡುತ್ತಾರೆಯೇ. ಈ ಉತ್ತರಗಳು ಪ್ರವೇಶದ ಕಿರುಹೊತ್ತಿಗೆಯಲ್ಲಿ ಸಿಗುವುದಿಲ್ಲ. ಅದೇ ವಿಭಾಗದಲ್ಲಿ ಮೂರನೇ ವರ್ಷ ಓದುತ್ತಿರುವವರನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹಿಡಿದು ಕೇಳಿದರೆ ಹತ್ತು ನಿಮಿಷದಲ್ಲಿ ಸಿಗುತ್ತವೆ. ಸೀಟಿನ ದುಡ್ಡು ಕಟ್ಟುವ ಮೊದಲು ಅಪ್ಪ ಅಮ್ಮನೂ ಜೊತೆಗೆ ಹೋಗಿ ಕೇಳಲಿ.